ಭಟ್ರ ಕನ್ನಡಕದೊಳಗಿನ ಮಾತು

ನಾನು ರಿಟೈರ್ ಆಗೋಕೆ ಇನ್ನೂ ಸ್ವಲ್ಪ ಕಾಲ ಇದ್ದಾಗಿನ ಕತೆ ಇದು. ಕೋವಿಡ್ ಮುಗಿದು ಜನ ಮತ್ತೆ ಮುಖ ತೋರಿಸ್ಕೊಂಡು ಓಡಾಡೋಕೆ ಶುರು ಮಾಡಿದ್ರು. ಕೋಲ್ಕತ್ತಾದ ಸೆಕ್ಟರ್ ಫೈವ್‌ನಲ್ಲಿ ಒಂದು ಸಣ್ಣ ಕಂಪನಿ, ಕಾಯಿಲೆಯವರಿಗೆ ಬೇಕಾಗೋ ಮೆಷಿನ್‌ಗಳನ್ನ ಮಾಡ್ತಿತ್ತು. ಅಲ್ಲಿ ನಾನು ಸೀನಿಯರ್ ಫರ್ಮ್‌ವೇರ್ ಇಂಜಿನಿಯರ್. ಫರ್ಮ್‌ವೇರ್ ಅಂದ್ರೆ ಮೆಷಿನ್ ಒಳಗೇ ಕೂತಿರೋ ಪ್ರೋಗ್ರಾಮ್. ಮೈಸೂರಿಂದ ಮದುವೆಯಾಗಿ ಬಂದವಳು ನಾನು. ಯಜಮಾನ್ರದ್ದು ಸೆಂಟ್ರಲ್ ಗೌರ್ಮೆಂಟ್ ಕೆಲಸ, ಟ್ರಾನ್ಸ್‌ಫರ್ ಆಗುತ್ತೆ ಆಗುತ್ತೆ ಅಂತ ಕಾಯ್ತಾ ಕಾಯ್ತಾ ಇಲ್ಲೇ ಮುದುಕಿ ಆದೆ.

ಜೀವನ ಪೂರ್ತಿ ಸಿ ಅನ್ನೋ ಕಂಪ್ಯೂಟರ್ ಭಾಷೇಲಿ ಕೋಡ್ ಕುಟ್ಟಿದ್ದೀನಿ, ಆದ್ರೆ ಫೋನಲ್ಲಿ ಕನ್ನಡ ಟೈಪ್ ಮಾಡೋದು ಮೊಮ್ಮಗಳು ಈಗ ಕಲಿಸಿಕೊಟ್ಟಿದ್ದು. ನಾನು ಒಂದಕ್ಷರ ಒತ್ತೋ ಅಷ್ಟರಲ್ಲಿ ಮುಂದಿನ ಪದ ಇದೇನಾ ಅಂತ ಫೋನೇ ಬಾಯಿ ಹಾಕುತ್ತೆ. ಹೊಸದಾಗಿ ಮದುವೆಯಾದಾಗ ನಮ್ಮತ್ತೆ ಹೀಗೇ ಮಾಡ್ತಿದ್ರು. ಅವರನ್ನೇ ಸಂಭಾಳಿಸಿದೀನಿ, ಇದೇನು ಮಹಾ.

ವಾದಿರಾಜ ಭಟ್ರದ್ದು ಜಾದವ್‌ಪುರದಲ್ಲಿ ಒಂದು ಊಟದ ಮೆಸ್. ಉಡುಪಿ ಕಡೆಯವರು. ಮುಂದೆ ಬೆಂಚು, ಹಿಂದೆ ಅಡುಗೆಮನೆ, ಅದರ ಹಿಂದೆ ಅವರು, ಹೆಂಡತಿ ಸುಮತಿ, ಮಗಳು ಪೂರ್ಣಿಮಾ ಇರೋ ಎರಡು ರೂಮು. ಪೂರ್ಣಿ ಇಲ್ಲೇ ಹುಟ್ಟಿ ಬೆಳೆದವಳು, ಸ್ಕೂಲಲ್ಲಿ ಸೈನ್ಸ್ ಟೀಚರ್. ಕನ್ನಡ ಎಲ್ಲಾ ಅರ್ಥ ಆಗುತ್ತೆ, ಬಾಯಿ ಬಿಟ್ರೆ ಅರ್ಧ ಇಂಗ್ಲಿಷ್.

ಭಟ್ರು ಅಡುಗೆ ಮಾಡೋವಾಗ ಯಾವತ್ತೂ ರುಚಿ ನೋಡ್ತಿರ್ಲಿಲ್ಲ. ಮೊದಲ ಸೌಟು ಗೋಡೆ ಮೇಲಿನ ಕೃಷ್ಣನಿಗೆ. ಅದಕ್ಕೆ ಮುಂಚೆ ನಾಲಿಗೆಗೆ ಇಟ್ರೆ ಎಂಜಲು. ಮೆಸ್ ಆದ್ರೂ ಆ ನೇಮ ಬಿಟ್ಟವರಲ್ಲ. ಹುಳಿ ಕುದೀತಿದ್ದಾಗ ಪಾತ್ರೆ ಮೇಲೆ ಅಂಗೈ ಆಡಿಸಿ ಹಬೆಯನ್ನ ಮೂಗಿಗೆ ತಂದ್ಕೊಂಡು, ಉಪ್ಪು ಸಾಲದು, ಬೆಲ್ಲ ಸಾಕು, ಇಳಿಸು ಅಂತ ಹೇಳ್ತಿದ್ರು. ನಾನೊಂದ್ಸಲ ಕೆಣಕಿದ್ದೆ.

“ಏನ್ರೀ ಭಟ್ರೆ, ಉಪ್ಪಿಗೆ ಎಲ್ಲಾದ್ರೂ ವಾಸನೆ ಇರುತ್ತಾ?”

“ಉಪ್ಪಿಗಲ್ಲ ಅಕ್ಕ, ಉಪ್ಪು ಬಿದ್ದ ಹುಳಿಗೆ ಉಂಟಲ್ಲ. ನಿಮ್ಮ ಮೂಗು ಕಂಪ್ಯೂಟರಿನೊಳಗೆ ಇಟ್ಟು ಇಟ್ಟು ಹಾಳಾಗಿದೆ ಮಾರಾಯ್ರೆ.”

ಆ ಮನುಷ್ಯನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಬಂತು. ಮೆದುಳು ಹೇಳಿದ್ದು ಸ್ನಾಯುಗಳಿಗೆ ತಲುಪದೇ ಹೋಗೋ ಕಾಯಿಲೆ. ಬುದ್ಧಿ ಚೆನ್ನಾಗೇ ಇರುತ್ತೆ, ಕಿವಿ ಕೇಳುತ್ತೆ, ಮೂಗು ಕೆಲಸ ಮಾಡುತ್ತೆ. ಕೈ ಹೋಯ್ತು, ಕಾಲು ಹೋಯ್ತು, ಮಾತು ತೊದಲಿ ತೊದಲಿ ನಿಂತೇಹೋಯ್ತು. ಊಟ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ. ವಾಸಿಯಾಗಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ರು.

ನಮ್ಮ ಕಂಪನಿ ಆಗ ಇಂಥವರಿಗೇ ಅಂತ ಒಂದು ಕನ್ನಡಕ ಮಾಡಿ ಟ್ರಯಲ್‌ಗೆ ಕೊಡ್ತಿತ್ತು. ಫ್ರೇಮಿನಲ್ಲಿ ಒಂದು ಇನ್ಫ್ರಾರೆಡ್ ಸೆನ್ಸರ್, ರೆಪ್ಪೆ ಮುಚ್ಚಿದ್ದು ತೆರೆದಿದ್ದು ಅದಕ್ಕೆ ಗೊತ್ತಾಗುತ್ತೆ. ಕಿವಿ ಹತ್ರ ಸಣ್ಣ ಸ್ಪೀಕರ್ ಪದಗಳನ್ನ ಒಂದಾದ ಮೇಲೊಂದು ಮೆಲ್ಲಗೆ ಹೇಳ್ತಾ ಸುತ್ತುತ್ತಾ ಇರುತ್ತೆ. ಬೇಕಾದ ಪದ ಬಂದಾಗ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಕಣ್ಣು ಮುಚ್ಚಬೇಕು. ಆಗ ಪಕ್ಕದಲ್ಲಿಟ್ಟ ಡಬ್ಬಿ ಆ ಪದವನ್ನ ಜೋರಾಗಿ ಹೇಳುತ್ತೆ. ಅದರ ಸಿ ಪ್ರೋಗ್ರಾಮ್ ನಂದು. ಭಟ್ರಿಗೂ ಒಂದು ಕೊಡಿಸಿದೆ.

ಡಬ್ಬಿಗೆ ದನಿ ಕೊಟ್ಟವಳು ಪೂರ್ಣಿ. ಭಟ್ರು ಮಾತಾಡ್ತಿದ್ದ ಕಾಲದಲ್ಲಿ ಮೆಸ್‌ನಲ್ಲಿ ಅಡುಗೆಗಿದ್ದ ಬಂಗಾಳಿ ಗೋಪಾಲ್‌ದಾಗೆ ಬಂಗಾಳಿಯಲ್ಲಿ ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸೋ ಅಭ್ಯಾಸ ಇತ್ತು. ಅದನ್ನೆಲ್ಲ ಕೂತು ಕತ್ತರಿಸಿ ತುಂಡು ತುಂಡು ಮಾಡಿದಳು. ಉಪ್ಪು ಹಾಕು ಅನ್ನೋಕೆ ‘ನೂನ್ ದಾವ್’. ಇಳಿಸು ಅನ್ನೋಕೆ ‘ನಾಮಾವ್’. ಹೌದು ಅನ್ನೋಕೆ ‘ಹ್ಯಾಂ’, ಆಮೇಲೆ ಅನ್ನೋಕೆ ‘ಪೋರೆ’. ಬೇಡಕ್ಕೂ ಇಲ್ಲಕ್ಕೂ ಬಂಗಾಳಿಯಲ್ಲಿ ಒಂದೇ ಮಾತು ಸಾಕು, ‘ನಾ’. ಎಲ್ಲಾ ಭಟ್ರದ್ದೇ ಗಟ್ಟಿ ಗಂಟಲು. ಸುಮತಿ ಮೊದಲ ಸಲ ಕೇಳಿಸ್ಕೊಂಡು ಸೆರಗು ಬಾಯಿಗೆ ಒತ್ಕೊಂಡಿದ್ರು.

ದಿನಾ ಬೆಳಿಗ್ಗೆ ಗೋಪಾಲ್‌ದಾ ಕುದಿಯೋ ಹುಳಿ ಪಾತ್ರೆಯನ್ನ ಹಿಂದಿನ ರೂಮಿಗೆ ತಂದು ಭಟ್ರ ಮೂಗಿನ ಕೆಳಗೆ ಹಿಡಿಯೋದು, ಭಟ್ರು ಆಘ್ರಾಣಿಸೋದು, ಡಬ್ಬಿ ಅಪ್ಪಣೆ ಕೊಡೋದು. ತಾನು ತಿನ್ನದ ಹುಳಿಗೆ ಉಪ್ಪು ನೋಡೋ ಕೆಲಸ ಅವರಿಗೆ ಹೊಸದಲ್ಲವಲ್ಲ. ಅದೊಂದು ಕೆಲಸ ಇದೆ ಅಂತಲೇ ಅವರು ಬೆಳಗಾಗೋದನ್ನ ಕಾಯ್ತಿದ್ರು.

ಶುರುವಿನಲ್ಲೇ ಒಂದು ಅವಾಂತರ ಆಯ್ತು. ಹಬೆ ಮುಖಕ್ಕೆ ಹೊಡೆದ್ರೆ ಯಾರು ತಾನೇ ಕಣ್ಣು ಮುಚ್ಚಲ್ಲ? ಭಟ್ರೂ ಮುಚ್ಚಿದ್ರು. ಪದಗಳ ಸುತ್ತು ಶುರುವಾಗೋದೇ ಉಪ್ಪಿಂದ, ಡಬ್ಬಿ ‘ನೂನ್ ದಾವ್’ ಅಂತು. ಗೋಪಾಲ್‌ದಾ ಹಾಕಿದ. ಇನ್ನೂ ಹಬೆ, ಇನ್ನೂ ‘ನೂನ್ ದಾವ್’. ಯಜಮಾನರ ದನಿ ಮೀರೋ ಆಸಾಮಿ ಅಲ್ಲ ಅವನು, ಹಾಕ್ತಾನೇ ಹೋದ. ಅವತ್ತು ಹುಳಿ ಉಂಡವರೆಲ್ಲ ಟಿಕೆಟ್ ಇಲ್ದೆ ಗಂಗಾಸಾಗರಕ್ಕೆ ಹೋಗಿ ಮುಳುಗಿ ಬಂದ ಹಾಗಾಗಿತ್ತು.

ಸುಮತಿ ಫೋನ್ ಮಾಡಿದ್ರು. “ಅಕ್ಕ, ನಿಮ್ಮ ಡಬ್ಬಿಗೆ ತಲೆ ಸರಿ ಇಲ್ಲ ಕಾಣ್ತದೆ. ನಮ್ಮವರು ಕಣ್ಣಲ್ಲೇ ಬಯ್ತಾ ಇದ್ದಾರೆ.”

ನಗು ಬಂತು, ಆದ್ರೆ ಸರಿ ಮಾಡೋದು ನಗುವಿನ ವಿಷಯ ಆಗಿರ್ಲಿಲ್ಲ. ಸಿ ಪ್ರೋಗ್ರಾಮ್ ಅಂದ್ರೆ ಕಟ್ಟಿದ ಒಲೆ. ಗಾರೆ ಒಣಗಿದ ಮೇಲೆ ಒಲೆಬಾಯಿ ಅಗಲ ಮಾಡ್ಬೇಕು ಅಂದ್ರೆ ಒಡೆದು ಕಟ್ಟಬೇಕು. ಕೋಡ್ ತಿದ್ದಬೇಕು, ಕಂಪೈಲ್ ಮಾಡ್ಬೇಕು, ಅಂದ್ರೆ ಮೆಷಿನ್ನಿಗೆ ಅರ್ಥ ಆಗೋ ರೂಪಕ್ಕೆ ಗಟ್ಟಿ ಮಾಡ್ಬೇಕು, ಆಮೇಲೆ ನಮ್ಮ ಬಾಸ್ ದತ್ತಬಾಬು ಅವರ ಟೆಸ್ಟಿಂಗ್ ದಾಟಬೇಕು. ಕಾಯಿಲೆಯವರ ಮೆಷಿನ್, ಒಂದಕ್ಷರ ಬದಲಾದ್ರೂ ಎಲ್ಲಾ ಟೆಸ್ಟೂ ಮೊದಲಿಂದ ಅನ್ನೋದು ಅವರ ನಿಯಮ. ತಪ್ಪಲ್ಲ ಬಿಡಿ. ಆದ್ರೆ ವಾರಗಟ್ಟಲೆ ಹಿಡೀತಿತ್ತು. ನಾನು ಹಬೆಗೆ ಸರಿ ಮಾಡಿ ತಗೊಂಡು ಹೋಗೋ ಅಷ್ಟರಲ್ಲಿ ಭಟ್ರ ರೆಪ್ಪೆ ಇನ್ನೂ ನಿಧಾನ ಆಗಿತ್ತು, ನಾನು ಹಾಕಿದ್ದ ಲೆಕ್ಕ ಹಳೇದಾಗಿತ್ತು. ಕಾಯಿಲೆ ನಮ್ಮ ರಿಲೀಸ್‌ಗಿಂತ ಮುಂದೆ ಓಡ್ತಿತ್ತು.

ಅದಕ್ಕೇ ನಾನು ಪ್ರೋಗ್ರಾಮ್ ಒಳಗೆ ಒಂದು ಇಂಟರ್‌ಪ್ರಿಟರ್ ಕೂರಿಸೋಣ ಅಂದೆ. ಲುವಾ ಅಂತ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆ ಇದೆ. ಅದನ್ನ ಓದಿ ನಡೆಸೋ ಇಂಟರ್‌ಪ್ರಿಟರ್ ತಾನೂ ಸಿ ಭಾಷೇಲೇ ಬರೆದಿರೋದು, ಹಾಗಾಗಿ ನಮ್ಮ ಪ್ರೋಗ್ರಾಮ್ ಜೊತೆ ಸೇರಿಸಿ ಕಂಪೈಲ್ ಮಾಡ್ಬೋದು. ಆಮೇಲೆ ಒಲೆ ನಮ್ಮದು, ಅಡುಗೆ ಅವರವರದ್ದು. ಎಷ್ಟು ಹೊತ್ತು ಕಣ್ಣು ಮುಚ್ಚಿದ್ರೆ ಮಾತು, ಹಬೆ ಬಂದಾಗ ಎಷ್ಟು ಹೊತ್ತು ಸುಮ್ನಿರಬೇಕು, ಯಾವ ಯಾವ ಪದ ಸುತ್ತಬೇಕು, ಎಲ್ಲಾ ಒಂದು ಮೆಮೊರಿ ಕಾರ್ಡಿನಲ್ಲಿ ಸಾದಾ ಬರಹದಲ್ಲಿ ಇರುತ್ತೆ. ಮನೆಯವರೇ ತಿದ್ಕೋಬಹುದು, ಕಂಪೈಲೂ ಬೇಡ, ಟೆಸ್ಟಿಂಗೂ ಬೇಡ.

“ಶಾಂತಾದಿ, ಮನೆಯವರು ಏನಾದ್ರೂ ತಪ್ಪು ಬರೆದು ಮೆಷಿನ್ ನಿಂತ್ರೆ?” ಅಂತ ದತ್ತಬಾಬು ಕೇಳಿದ್ರು. ದಿ ಅಂದ್ರೆ ಬಂಗಾಳಿಯಲ್ಲಿ ಅಕ್ಕ.

ನಿಲ್ಲದ ಹಾಗೆ ಮಾಡೋದೇ ಕೆಲಸದಲ್ಲಿ ದೊಡ್ಡ ಪಾಲು. ಸಿ ಮತ್ತು ಸ್ಕ್ರಿಪ್ಟು ನೇರವಾಗಿ ಒಂದರ ಕೈ ಒಂದು ಮುಟ್ಟಲ್ಲ. ಮಧ್ಯೆ ಸ್ಟ್ಯಾಕ್ ಅಂತ ಒಂದಿದೆ, ತಟ್ಟೆ ಮೇಲೆ ತಟ್ಟೆ ಪೇರಿಸಿದ ಹಾಗೆ. ಇವರು ಒಂದು ತಟ್ಟೆ ಇಡ್ತಾರೆ, ಅವರು ಎತ್ಕೋತಾರೆ. ಎತ್ತೋದು ಮರೆತ್ರೆ ಅಟ್ಟಿ ಬೆಳೆದು ಬೆಳೆದು ಒಂದಿನ ದಡಾರ್ ಅನ್ನುತ್ತೆ. ಅಂಥದ್ದೆಲ್ಲ ಹುಡುಕಿ ಹುಡುಕಿ ತೆಗೆದೆ. ಸ್ಕ್ರಿಪ್ಟನ್ನ ಕರೆಯೋವಾಗೆಲ್ಲ ಪ್ರೊಟೆಕ್ಟೆಡ್ ಕಾಲ್ ಅನ್ನೋ ಬಗೆಯಲ್ಲಿ ಕರೆದೆ. ಅದರಲ್ಲಿ ತಪ್ಪಿದ್ರೆ ಅದು ಮಾತ್ರ ಬೀಳುತ್ತೆ, ಮೆಷಿನ್ ಪದಗಳ ಹಳೇ ಮೆನುಗೆ ವಾಪಸ್ ಬರುತ್ತೆ. ಕಾರ್ಡಿನ ಸ್ಕ್ರಿಪ್ಟಿಗೆ ನಾವು ಕೊಟ್ಟಿದ್ದು ಮೂರೋ ನಾಲ್ಕೋ ಫಂಕ್ಷನ್ ಅಷ್ಟೇ. ಸೆನ್ಸರ್ ಓದು, ಮಾತಾಡು, ಕಾಯು, ಅಂಥವು. ದತ್ತಬಾಬು ಅವರ ಹುಡುಗರು ಬೇಕಂತಲೇ ತಪ್ಪು ತಪ್ಪು ಸ್ಕ್ರಿಪ್ಟ್ ಬರೆದು ಹಾಕಿ ನೋಡಿದ್ರು, ಡಬ್ಬಿ ಅಲುಗಾಡ್ಲಿಲ್ಲ. ಎಲ್ಲರೂ ಸಹಿ ಹಾಕಿದ್ವಿ, ನಾನು ಸಂದೇಶ್ ಮಿಠಾಯಿ ತರಿಸಿ ಹಂಚಿದೆ.

ಪೂರ್ಣಿಗೆ ಒಂದು ಭಾನುವಾರ ಕೂತು ಹೇಳಿಕೊಟ್ಟೆ. ಚುರುಕು ಹುಡುಗಿ. “ಅಷ್ಟೇನಾ ಆಂಟಿ? ಐ ಕೆನ್ ಚೇಂಜ್ ಎನಿಥಿಂಗ್?” ಅಂದಳು. “ಏನು ಬೇಕಾದ್ರೂ ಬದಲಾಯಿಸ್ಕೋ,” ಅಂದೆ. ಅವತ್ತಿನಿಂದ ಅಪ್ಪನ ರೆಪ್ಪೆ ನಿಧಾನ ಆದ ಹಾಗೆ ಆ ದಿನವೇ ಸ್ಕ್ರಿಪ್ಟೂ ನಿಧಾನ ಆಗ್ತಿತ್ತು. ಹಬೆ ಬಂದಾಗ ಕಾಯೋ ಹಾಗೆ ಮಾಡಿದಳು. ಅಕ್ಷರ ಅಕ್ಷರ ಆರಿಸಿ ಪದ ಕಟ್ಟೋ ಒಂದು ಭಾಗವನ್ನೂ ಸೇರಿಸಿದಳು. ಸ್ವಲ್ಪ ಕಾಲ ಹುಳಿ ಹದವಾಗೇ ಬಂತು.

ಚಳಿಗಾಲಕ್ಕೆ ಮುಂಚೆ ಭಟ್ರ ಉಸಿರು ಕಮ್ಮಿ ಆಗೋಕೆ ಶುರುವಾಯ್ತು. ಆಸ್ಪತ್ರೆ ಡಾಕ್ಟ್ರು ಕರೆಸಿ ಟ್ರಾಕಿಯಾಸ್ಟಮಿ ವಿಷಯ ಹೇಳಿದ್ರು. ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕಿ ಮೆಷಿನ್ನಿನಿಂದ ಉಸಿರಾಡಿಸೋದು. ಹಾಕಿಸಿದ್ರೆ ಇನ್ನೂ ಬದುಕ್ತಾರೆ. ಇಲ್ದಿದ್ರೆ ಮುಂದಿನ ಕೆಮ್ಮೋ ಕಫವೋ ಕೊನೇದಾಗಬಹುದು. ರೋಗಿಗೆ ಬುದ್ಧಿ ಸರಿ ಇದೆ, ಅವರೇ ಹೇಳಲಿ ಅಂದ್ರು. ನಾನೂ ಮೆಷಿನ್ ನೋಡ್ಕೊಳ್ಳೋಕೆ ಅಂತ ಅಲ್ಲೇ ಇದ್ದೆ. ಭಟ್ರು ಅಕ್ಷರ ಆರಿಸೋಕೆ ಶುರು ಮಾಡಿದ್ರು. ಡಬ್ಬಿ ಹೇಳಿದ ಅಕ್ಷರಗಳನ್ನ ಸುಮತಿ ಗಟ್ಟಿಯಾಗಿ ಜೋಡಿಸ್ತಾ ಹೋದ್ರು. ವಾ. ಸ. ನೆ.

“ವಾಸನೆ? ಎಂತ ವಾಸನೆ ಇವರೆ?”

ನಂಗೆ ಅರ್ಥ ಆಯ್ತು. ಡಾಕ್ಟ್ರನ್ನ ಕೇಳಿದೆ. ಟ್ಯೂಬ್ ಹಾಕಿದ್ರೆ ಗಾಳಿ ಗಂಟಲಿಂದಲೇ ಹೋಗುತ್ತೆ, ಮೂಗಿನಲ್ಲಿ ಆಡಲ್ಲ, ವಾಸನೆ ಹೆಚ್ಚುಕಮ್ಮಿ ಇರಲ್ಲ, ಅದೇನು ದೊಡ್ಡದಲ್ಲ ಅಂದ್ರು ಅವರು. ಭಟ್ರು ಕಣ್ಣು ಮುಚ್ಚಿದ್ರು. ಡಬ್ಬಿ ಅವರದ್ದೇ ಗಟ್ಟಿ ದನೀಲಿ ‘ನಾ’ ಅಂತು. ಮತ್ತೆ ಇನ್ನೊಂದ್ಸಲ, ‘ನಾ’.

ಆತುರ ಬೇಡ, ಮನೆಗೆ ಹೋಗಿ ಯೋಚನೆ ಮಾಡಿ, ಇನ್ನೊಮ್ಮೆ ಕೇಳ್ತೀನಿ ಅಂದ್ರು ಡಾಕ್ಟ್ರು. ಕಾರಿಡಾರ್‌ನಲ್ಲಿ ಪೂರ್ಣಿ ಗೋಡೆ ಕಡೆ ತಿರುಗಿ ನಿಂತಿದ್ಲು. “ಹುಳಿಗೋಸ್ಕರ ಆಂಟಿ? ಸಾಂಬಾರ್‌ಗೋಸ್ಕರ ಸಾಯ್ತಾರಾ?” ಅಂದಳು. ಸಾಂಬಾರಲ್ಲಮ್ಮ ಹುಳಿ ಅಂತ ತಿದ್ದೋ ಕೆಟ್ಟ ನಾಲಿಗೆ ನಂದು. ಅವತ್ತು ಕಚ್ಚಿ ಹಿಡಿದೆ.

ಅದಾಗಿ ಕೆಲವು ದಿನಕ್ಕೆ ಸುಮತಿ ಫೋನ್. “ಅಕ್ಕ, ಡಬ್ಬಿಗೆ ಎಂತದೋ ಆಗಿದೆ. ಅವರು ಮಾತೇ ಆಡುದಿಲ್ಲ. ಸುಮ್ನೆ ಕಣ್ಣು ಬಿಟ್ಕೊಂಡು ಇರ್ತಾರೆ. ನೀವೊಮ್ಮೆ ಬನ್ನಿ.”

ಲ್ಯಾಪ್‌ಟಾಪ್, ಕೇಬಲ್ ಎಲ್ಲಾ ತಗೊಂಡು ಹೋದೆ. ಸೆನ್ಸರ್ ನೋಡಿದೆ, ಸರಿ ಇತ್ತು. ಬ್ಯಾಟರಿ ಸರಿ ಇತ್ತು. ಸಿ ಪ್ರೋಗ್ರಾಮ್ ಒಂದ್ಸಲಾನೂ ಬಿದ್ದಿರ್ಲಿಲ್ಲ. ಭಟ್ರ ಕಿವಿ ಹತ್ರ ನನ್ನ ಕಿವಿ ಇಟ್ಟು ಕೇಳಿದೆ. ಪದಗಳು ಸುತ್ತುತ್ತಾ ಇದ್ವು. ಅವರು ಒಂದನ್ನೂ ಆರಿಸದೆ ಹೋಗೋಕೆ ಬಿಡ್ತಿದ್ರು. ನನ್ನನ್ನೇ ನೋಡ್ತಿದ್ರು. ಇನ್ನೊಂದು ಸುತ್ತು ಕೇಳಿದಾಗ ಹೊಳೀತು. ಕಾರ್ಡ್ ತೆಗೆದು ಸ್ಕ್ರಿಪ್ಟ್ ತೆರೆದೆ. ಉತ್ತರ ಹೇಳೋ ಮೆನುವಿನಲ್ಲಿ ಮೂರು ಪದ ಇರ್ಬೇಕಿತ್ತು, ಹ್ಯಾಂ, ನಾ, ಪೋರೆ. ಎರಡೇ ಇದ್ವು. ಹೌದು ಮತ್ತು ಆಮೇಲೆ. ‘ನಾ’ ಇರ್ಲಿಲ್ಲ. ಅಕ್ಷರ ಆರಿಸೋ ಭಾಗವೂ ಇರ್ಲಿಲ್ಲ.

ಪ್ರೊಟೆಕ್ಟೆಡ್ ಕಾಲ್ ಹಿಡಿಯೋದು ತಪ್ಪನ್ನ. ಇದರಲ್ಲಿ ತಪ್ಪೇ ಇರ್ಲಿಲ್ಲ. ಅಚ್ಚುಕಟ್ಟಾದ ಸ್ಕ್ರಿಪ್ಟು, ನಡೀತಿತ್ತು.

ಪೂರ್ಣಿ ಬಾಗಿಲಲ್ಲಿ ನಿಂತಿದ್ಲು. ಸ್ಕೂಲಿಂದ ಆಗಷ್ಟೇ ಬಂದಿದ್ಲು, ಬ್ಯಾಗ್ ಇನ್ನೂ ಹೆಗಲ ಮೇಲೇ.

“‘ನಾ’ ಎಲ್ಲಮ್ಮ?”

“ನೀವೇ ಹೇಳಿದ್ರಲ್ಲ ಆಂಟಿ, ಏನು ಬೇಕಾದ್ರೂ ಬದಲಾಯಿಸ್ಬೋದು ಅಂತ.” ದನಿ ಗಟ್ಟಿಯಾಗೇ ಇತ್ತು. “ಅಕ್ಷರ ಆರಿಸಿದ್ರೆ ಸುಸ್ತಾಗ್ತಿತ್ತು, ಅದಕ್ಕೆ ತೆಗ್ದೆ. ಪ್ರಾಮಿಸ್. ಇದು... ಡಾಕ್ಟರ್ ಮತ್ತೆ ಕೇಳ್ತಾರೆ. ಈಗ ಅಪ್ಪ ನೋ ಅಂತಾ ಇಲ್ಲ ಅಂತ ಹೇಳಿದೀನಿ.”

“ಅವರು ಹೌದು ಅಂತಾನೂ ಹೇಳಿಲ್ವಲ್ಲ.”

“ಸ್ವಲ್ಪ ದಿನ ಕೇಳಿದ್ರೆ ಹೇಳ್ತಾರೆ. ಈ ವಾರ ಒಂದು ಬಿಡಿ ಆಂಟಿ. ಪ್ಲೀಸ್. ಅವರು ನಿಮ್ಮ ಅಪ್ಪ ಅಲ್ಲ.”

ಸುಮತಿ ನಮ್ಮಿಬ್ಬರ ಮುಖ ನೋಡ್ತಾ, “ಎಂತ ಮಾತಾಡ್ತಾ ಇದ್ದೀರಿ?” ಅಂದ್ರು. ನಾನು ಅಲ್ಲೇ ಕೂತು ಆ ಪದವನ್ನ ವಾಪಸ್ ಟೈಪ್ ಮಾಡಿ, ಕಾರ್ಡ್ ಹಾಕಿದೆ. ಪದಗಳು ಸುತ್ತೋಕೆ ಶುರುವಾದ್ವು. ಎರಡನೇದು ಬಂದ ಕೂಡಲೇ ಭಟ್ರು ಕಣ್ಣು ಮುಚ್ಚಿದ್ರು. ‘ನಾ.’ ನಾವ್ಯಾರೂ ಪ್ರಶ್ನೆ ಕೇಳಿರ್ಲಿಲ್ಲ. ಪೂರ್ಣಿ ಬ್ಯಾಗ್ ಸಮೇತ ಹೊರಗೆ ಹೋದಳು.

ಮಾರನೇ ದಿನ ದತ್ತಬಾಬು ಟೇಬಲ್ ಮುಂದೆ ಕೂತು ಎಲ್ಲಾ ಹೇಳಿದೆ. ಒಂದು ಪದವನ್ನ ಸ್ಕ್ರಿಪ್ಟಿನಿಂದ ತೆಗೆದು ಸಿ ಒಳಗೆ ಹಾಕಬೇಕು ಅಂದೆ. ಕಾರ್ಡಿನಲ್ಲಿ ಏನೇ ಬರೆದಿರಲಿ, ಕಾರ್ಡೇ ಕಿತ್ತು ಬಿಸಾಕಿರಲಿ, ಕಣ್ಣನ್ನ ತುಂಬಾ ಹೊತ್ತು ಬಿಗಿಯಾಗಿ ಮುಚ್ಚಿದ್ರೆ ‘ನಾ’ ಬರಲೇಬೇಕು. ಅವರು ಕನ್ನಡಕ ಒರೆಸ್ಕೊಂಡು, “ಮಾಡಿ ಶಾಂತಾದಿ. ಆದ್ರೆ ಟೆಸ್ಟಿಂಗ್...” ಅಂದ್ರು. ಕೋಡ್ ಬರೆಯೋಕೆ ಒಂದು ಮಧ್ಯಾಹ್ನ ಸಾಕಾಯ್ತು.

ಟೆಸ್ಟಿಂಗ್ ನಡೀತಿರೋವಾಗ ಭಟ್ರಿಗೆ ಕಫ ಕಟ್ತು. ಬೆಳಿಗ್ಗೆ ಸ್ನಾನ ಮಾಡಿಸೋ ಹೊತ್ತಿಗೆ ಮುಖ ನೀಲಿ ಆಗಿತ್ತಂತೆ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಕೇಳೋಕೆ ಸಮಯ ಇರ್ಲಿಲ್ಲ, ಕೇಳಿದ್ರೂ ಹೇಳೋಕೆ ಆಗ್ತಿರ್ಲಿಲ್ಲ, ಯಾಕಂದ್ರೆ ಕನ್ನಡಕ ಮನೆ ಕಿಟಕಿ ಮೇಲೇ ಉಳಿದಿತ್ತು. ಪೂರ್ಣಿ ಸಹಿ ಹಾಕಿದಳು. ಟ್ಯೂಬ್ ಹಾಕಿದ್ರು. ಕನ್ನಡಕ ಗಡಿಬಿಡಿಯಲ್ಲಿ ಉಳೀತಾ ಇಲ್ಲಾ ಉಳಿಸಿದ್ದಾ ಅಂತ ನಾನು ಕೇಳ್ಲಿಲ್ಲ. ಅಪ್ಪನ ಮುಖ ನೀಲಿಯಾಗಿರೋವಾಗ ನಾನಾಗಿದ್ರೆ ಏನು ತಗೊಂಡು ಓಡ್ತಿದ್ದೆ, ಗೊತ್ತಿಲ್ಲ.

ಹೊಸ ಪ್ರೋಗ್ರಾಮ್ ಪಾಸಾಗಿ ನನ್ನ ಕೈಗೆ ಬರೋ ಹೊತ್ತಿಗೆ ಭಟ್ರು ಮನೆಗೆ ಬಂದಿದ್ರು. ಗಂಟಲಲ್ಲಿ ಟ್ಯೂಬ್, ಪಕ್ಕದಲ್ಲಿ ಉಸಿರಾಡಿಸೋ ಮೆಷಿನ್. ಸುಮತಿ ಬೆಳಿಗ್ಗೆ ಹೊತ್ತು ಹುಳಿ ಪಾತ್ರೆ ತರಿಸೋದು ಬಿಟ್ಟಿರ್ಲಿಲ್ಲ. “ಒಮ್ಮೊಮ್ಮೆ ಬರ್ಬಹುದಲ್ವಾ ಅಕ್ಕ, ಸ್ವಲ್ಪ ವಾಸನೆ?” ಅಂದ್ರು. ನಾನು ಹೊಸ ಪ್ರೋಗ್ರಾಮ್ ಹಾಕಿ, ಕನ್ನಡಕ ತೊಡಿಸಿ, ಹೊಸ ಅನುಕೂಲ ಏನು ಅಂತ ಭಟ್ರ ಕಿವಿಯಲ್ಲಿ ಹೇಳಿದೆ. ಗೋಪಾಲ್‌ದಾ ಪಾತ್ರೆ ಹಿಡಿದ. ಭಟ್ರು ಕಣ್ಣನ್ನ ಬಿಗಿಯಾಗಿ ಮುಚ್ಚಿ ಹಾಗೇ ಇಟ್ಕೊಂಡ್ರು. ‘ನಾ.’ ಗೋಪಾಲ್‌ದಾ ಪಾತ್ರೆ ವಾಪಸ್ ತಗೊಂಡು ಹೋದ. ಆಮೇಲೆ ಯಾವತ್ತೂ ತರ್ಲಿಲ್ಲ.

ನನ್ನ ಕಸುಬು ಕಲಿಸಿದ್ದು ಇಷ್ಟು. ಒಂದು ಪ್ರೋಗ್ರಾಮ್ ಒಳಗೆ ಇನ್ನೊಂದು ಭಾಷೆಗೆ ಜಾಗ ಮಾಡಿಕೊಡೋವಾಗ ಎಲ್ಲರೂ ಯೋಚನೆ ಮಾಡೋದು ಏನೇನು ಬದಲಾಯಿಸೋಕೆ ಬಿಡಬೇಕು ಅಂತ. ಮೊದಲು ಯೋಚಿಸಬೇಕಾದ್ದು ಏನನ್ನ ಬಿಡಬಾರದು ಅಂತ. ತಪ್ಪು ಬರೆಯೋರಿಂದ ಮೆಷಿನ್ನನ್ನ ಕಾಪಾಡೋಕೆ ನಮಗೆ ಎಷ್ಟೋ ದಾರಿ ಗೊತ್ತಿತ್ತು. ಪ್ರೀತಿಯಿಂದ ಸರಿಯಾಗಿ ಬರೆಯೋರಿಂದ ಒಳಗಿರೋ ಮನುಷ್ಯನನ್ನ ಕಾಪಾಡೋದು ಯಾವ ಟೆಸ್ಟಿನಲ್ಲೂ ಇರ್ಲಿಲ್ಲ. ಈಗ ನಮ್ಮ ಎಲ್ಲಾ ಕನ್ನಡಕಗಳಲ್ಲೂ ಆ ಒಂದು ಮಾತು ಸಿ ಒಳಗೇ ಇದೆ. ಭಟ್ರಿಗೆ ಅದು ಹೊತ್ತಿಗೆ ಒದಗ್ಲಿಲ್ಲ.

ಗೋಪಾಲ್‌ದಾ ಪಾತ್ರೆ ವಾಪಸ್ ಒಯ್ದ ಆ ದಿನ ನಾನಿನ್ನೂ ಕೇಬಲ್ ತೆಗೆದಿರ್ಲಿಲ್ಲ. ಲ್ಯಾಪ್‌ಟಾಪ್ ಮೇಲೆ ಸೆನ್ಸರಿನ ಗೆರೆ ಓಡ್ತಿತ್ತು. ಪೂರ್ಣಿ ಬಂದು ಮಂಚದ ಪಕ್ಕ ಕೂತಳು. ಅಪ್ಪನ ಕೈ ತಗೊಂಡು ತನ್ನ ಮಡಿಲಲ್ಲಿ ಇಟ್ಕೊಂಡಳು.

“ಅಪ್ಪ, ನನ್ನ ಮೇಲೆ ಕೋಪಾನಾ?”

ಭಟ್ರು ಅವಳನ್ನೇ ನೋಡ್ತಿದ್ರು. ಕಿವಿ ಹತ್ರ ಪದಗಳು ಸುತ್ತುತ್ತಾ ಇದ್ವು. ಗೆರೆ ಮೇಲೆ ಮಾಮೂಲಿ ರೆಪ್ಪೆ ಬಡಿತದ ಸಣ್ಣ ಸಣ್ಣ ಮೊನೆಗಳು ಬರ್ತಿದ್ವು, ಹೋಗ್ತಿದ್ವು. ಉದ್ದದ್ದು ಒಂದೂ ಬರ್ಲಿಲ್ಲ. ಅವಳು ಡಬ್ಬಿ ಕಡೆ ನೋಡಿದಳು. ಮತ್ತೆ ಕೇಳಿದಳು. ಕಾದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಮೆಷಿನ್ ಕೆಟ್ಟಿದ್ಯಾ ಆಂಟಿ?”

ನಾನು ಗೆರೆಯನ್ನ ಇನ್ನೊಂದ್ಸಲ ನೋಡಿದೆ.

“ಇಲ್ಲಮ್ಮ,” ಅಂದೆ. “ಸರಿಯಾಗೇ ಇದೆ.”